ಫರ್ಡಿನಾಂಡ್ ಹೋಡ್ಲರ್: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಿಟ್ಜರ್‌ಲ್ಯಾಂಡಿನ ಈ ಕಲಾವಿದನ ಬಗ್ಗೆ ಮಾತಿಗೆ ಕೂತಾಗ, ಚಿತ್ರ ತೋರಿಸಿದ ಮೇಲೆ, ಪತ್ರಗಳಲ್ಲಿ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಕರಾರಿನದ್ದು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ನಡೆಯುತ್ತೆ.

## ಮೊದಲ ಪರಿಚಯ

ಹೋಡ್ಲರ್ ಅಂದ್ರೆ ಯಾರು? ಚಿಕ್ಕದಾಗಿ ಹೇಳಿ.

1853ರ ಮಾರ್ಚ್ 14ರಂದು ಬರ್ನ್‌ನಲ್ಲಿ ಹುಟ್ಟಿ, 1918ರ ಮೇ 19ರಂದು ಜಿನೀವಾದಲ್ಲಿ ತೀರಿಕೊಂಡ ಸ್ವಿಸ್ ಕಲಾವಿದ. ಬಡಗಿಯ ಮಗ. ತನ್ನ ದೇಶದ ಬೆಟ್ಟ, ಸರೋವರಗಳ ನೂರಾರು ಚಿತ್ರ ಬರೆದ. ಜೊತೆಗೆ ಆಳೆತ್ತರದ ಜನರಿರುವ ದೊಡ್ಡ ಕ್ಯಾನ್ವಾಸುಗಳು, ಗೋಡೆಚಿತ್ರಗಳು, ತನ್ನದೇ ಮುಖದ ಚಿತ್ರಗಳಂತೂ ರಾಶಿ. ಬದುಕಿದ್ದಾಗ ಹೆಸರು ತಂದುಕೊಟ್ಟದ್ದು ಆ ಜನರ ಚಿತ್ರಗಳು. ಇವತ್ತು ಹೆಚ್ಚು ಜನ ಹುಡುಕಿಕೊಂಡು ಹೋಗಿ ನೋಡುವುದು ಭೂದೃಶ್ಯಗಳನ್ನ. ನನ್ನ ಓಟೂ ಭೂದೃಶ್ಯಗಳಿಗೇ.

ವ್ಯಾನ್ ಗೋ, ಮೊನೆ ಎಲ್ಲರಿಗೂ ಗೊತ್ತು. ಇವನ ಹೆಸರು ನಾವು ಕೇಳೇ ಇಲ್ಲವಲ್ಲ?

ತಮಾಷೆ ಏನಂದ್ರೆ, ವ್ಯಾನ್ ಗೋ ಹುಟ್ಟಿದ್ದೂ 1853ರ ಮಾರ್ಚ್ ತಿಂಗಳಲ್ಲೇ, 30ನೇ ತಾರೀಕು. ಆ ಕಾಲದ ಕಲೆಯ ಕಥೆಯನ್ನ ನಾವು ಪ್ಯಾರಿಸ್ಸಿನಿಂದ ಕೇಳಿ ಕಲಿತವರು. ಹೋಡ್ಲರ್ ಪ್ಯಾರಿಸ್ಸಿಗೆ ಚಿತ್ರ ಕಳಿಸಿದ, 1900ರಲ್ಲಿ ಅಲ್ಲಿ ಚಿನ್ನದ ಪದಕವನ್ನೂ ಪಡೆದ, ಆದರೆ ಅಲ್ಲಿ ನೆಲೆ ನಿಲ್ಲಲಿಲ್ಲ. ಅವನ ಕೃತಿಗಳಲ್ಲಿ ಬಹುಪಾಲು ಸ್ವಿಟ್ಜರ್‌ಲ್ಯಾಂಡಿನ ಮ್ಯೂಸಿಯಂ, ಮನೆಗಳಲ್ಲೇ ಉಳಿದವು. ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಅವನ ದೇಶದಲ್ಲಿ ಮಾತ್ರ ಕಥೆ ಬೇರೆ. 2007ರಲ್ಲಿ ಜೂರಿಕ್‌ನ ಹರಾಜಿನಲ್ಲಿ ಅವನ ಜಿನೀವಾ ಸರೋವರದ ಒಂದು ಚಿತ್ರ ಒಂದು ಕೋಟಿ ಸ್ವಿಸ್ ಫ್ರಾಂಕ್‌ಗೂ ಜಾಸ್ತಿ ಬೆಲೆಗೆ ಹೋಯಿತು.

ಚಿಕ್ಕಂದಿನಲ್ಲೇ ಮನೆಯವರನ್ನೆಲ್ಲ ಕಳೆದುಕೊಂಡ ಅಂತಾರೆ, ನಿಜವಾ?

ನಿಜ. ಆರು ಮಕ್ಕಳಲ್ಲಿ ಇವನೇ ಹಿರಿಯ. ಎಂಟು ವರ್ಷ ತುಂಬುವಷ್ಟರಲ್ಲಿ ಅಪ್ಪ, ಇಬ್ಬರು ತಮ್ಮಂದಿರು ಹೋಗಿದ್ದರು. 1867ರಲ್ಲಿ ಅಮ್ಮನೂ ಹೋದಳು. ಆಗ ಇವನಿಗೆ ಹದಿನಾಲ್ಕು. ಉಳಿದ ಒಡಹುಟ್ಟಿದವರೂ ಒಬ್ಬೊಬ್ಬರಾಗಿ ತೀರಿಕೊಂಡರು. ಎಲ್ಲಕ್ಕೂ ಕಾರಣ ಒಂದೇ, ಕ್ಷಯ. ಆಗ ಅದಕ್ಕೆ ಮದ್ದಿರಲಿಲ್ಲ. ಮನೆಯಲ್ಲಿ ಯಾವಾಗಲೂ ಒಬ್ಬರು ಸತ್ತಿರುತ್ತಿದ್ದರು, ಅದು ಹಾಗೇ ಇರಬೇಕು ಅನ್ನಿಸಿಬಿಟ್ಟಿತ್ತು ಅನ್ನುವ ಅರ್ಥದ ಮಾತನ್ನ ಅವನು ದೊಡ್ಡವನಾದ ಮೇಲೆ ಆಡಿದ್ದಾನೆ.

ಆದರೆ ಒಂದು ಎಚ್ಚರ ಇರಲಿ. ಪ್ರತಿ ಸರೋವರದಲ್ಲೂ ಸಾವನ್ನ ಹುಡುಕುವ ಚಟ ಕೆಲವು ಲೇಖಕರಿಗಿದೆ. ಎಷ್ಟೋ ಚಿತ್ರಗಳಲ್ಲಿ ಇರುವುದು ಒಳ್ಳೆಯ ಬಿಸಿಲಿನ ದಿನ, ಅಷ್ಟೇ.

ಚಿತ್ರ ಬರೆಯೋದನ್ನ ಎಲ್ಲಿ ಕಲಿತ?

ಇಲ್ಲಿಂದಲೇ ಅವನ ಭೂದೃಶ್ಯಗಳ ಕಥೆ ಶುರು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಅಮ್ಮ ಎರಡನೇ ಮದುವೆ ಆದದ್ದು ಒಬ್ಬ ಬಣ್ಣದ ಕೆಲಸದವನನ್ನ. ಅಲಂಕಾರದ ಚಿತ್ರ ಬರೆಯುವವನು. ಹುಡುಗನ ಕೈಗೆ ಮೊದಲು ಕುಂಚ ಬಂದದ್ದು ಆ ಮಲತಂದೆಯ ಜೊತೆ. ಆಮೇಲೆ ತೂನ್ ಊರಿನಲ್ಲಿ ಫರ್ಡಿನಾಂಡ್ ಸೊಮರ್ ಎಂಬುವನ ಹತ್ತಿರ ಕೆಲಸ ಕಲಿಯಲು ಹಾಕಿದರು. ಸೊಮರ್‌ನದು ಪ್ರವಾಸಿಗರಿಗೆ ಚಿತ್ರ ಮಾರುವ ವ್ಯಾಪಾರ. ಜಲಪಾತ, ಮರದ ಮನೆ, ಹಿಂದೆ ಹಿಮದ ಬೆಟ್ಟ. ಊರಿಗೆ ಬಂದ ಇಂಗ್ಲಿಷ್ ಪ್ರವಾಸಿಗರು ನೆನಪಿಗೆ ಒಂದು ಕೊಂಡುಹೋಗಲಿ ಅಂತ ಒಂದೇ ಥರದ ಚಿತ್ರಗಳನ್ನ ಸಾಲಾಗಿ ಬರೆಯುವುದು. ಫೋಟೋ ಪೋಸ್ಟ್‌ಕಾರ್ಡ್ ಮಾಡಬೇಕಾದ ಕೆಲಸವನ್ನ ಆಗ ಇಂಥ ಹುಡುಗರು ಕೈಯಲ್ಲಿ ಮಾಡುತ್ತಿದ್ದರು.

1870ರ ದಶಕದ ಶುರುವಿನಲ್ಲಿ ಜಿನೀವಾಕ್ಕೆ ಹೋದ. ನಡೆದುಕೊಂಡೇ ಹೋದ ಅಂತ ಹೇಳುತ್ತಾರೆ. ಅಲ್ಲಿಯ ಮ್ಯೂಸಿಯಂನಲ್ಲಿ ಅಲೆಕ್ಸಾಂಡ್ರ್ ಕಲಾಮ್‌ನ ದೊಡ್ಡ ಬೆಟ್ಟದ ಚಿತ್ರಗಳನ್ನ ನಕಲು ಮಾಡುತ್ತಾ ಕೂತಿದ್ದಾಗ ಬಾರ್ತೆಲೆಮಿ ಮೆನ್ ಎಂಬ ಮೇಷ್ಟ್ರ ಕಣ್ಣಿಗೆ ಬಿದ್ದ. ಮೆನ್ ಪ್ಯಾರಿಸ್ಸಿನಲ್ಲಿ ಆಂಗ್ರ್ ಎಂಬ ಫ್ರೆಂಚ್ ಕಲಾವಿದನ ಶಿಷ್ಯ, ಭೂದೃಶ್ಯ ಬರೆಯುವ ಕೊರೋ ಎಂಬುವನ ಗೆಳೆಯ. ಹುಡುಗನನ್ನ ತನ್ನ ತರಗತಿಗೆ ಸೇರಿಸಿಕೊಂಡು ಐದಾರು ವರ್ಷ ತಿದ್ದಿದ. ನಕಲು ಬಿಡು, ಕಂಡದ್ದನ್ನ ಅಳೆದು ನೋಡು ಅನ್ನುವುದು ಮೆನ್‌ನ ಪಾಠದ ಸಾರ. 1874ರಲ್ಲಿ ಕಲಾಮ್‌ನ ಹೆಸರಿನ ಸ್ಪರ್ಧೆಯಲ್ಲೇ ಹೋಡ್ಲರ್ ಮೊದಲ ಬಹುಮಾನ ಗೆದ್ದ. 1878ರಲ್ಲಿ ಮ್ಯಾಡ್ರಿಡ್‌ಗೆ ಹೋಗಿ ಕೆಲವು ತಿಂಗಳಿದ್ದು ಬಂದ. ಅಲ್ಲಿಂದ ಮೇಲೆ ಅವನ ಬಣ್ಣ ತಿಳಿಯಾಯಿತು, ಕಂದು ಕಮ್ಮಿಯಾಯಿತು.

## ಚಿತ್ರಗಳನ್ನ ನೋಡುವಾಗ

ಜನ ಇಲ್ಲ, ಮನೆ ಇಲ್ಲ, ಒಂದು ದನ ಕೂಡ ಇಲ್ಲ. ಯಾಕೆ ಹೀಗೆ ಖಾಲಿ?

ಸೊಮರ್‌ನ ಅಂಗಡಿಯಲ್ಲಿ ಯಾವ್ಯಾವುದು ಮಾರಾಟವಾಗುತ್ತಿತ್ತೋ ಅದನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದ. ಹೋಡ್ಲರ್ ಭೂದೃಶ್ಯವನ್ನ ನನ್ನ ಲೆಕ್ಕದಲ್ಲಿ ಹೀಗೆ ನೋಡಿದರೆ ಅರ್ಧ ಅರ್ಥವಾದ ಹಾಗೆ. ಮೊದಲು ದನ, ಜನ ಹೋದವು. ಆಮೇಲೆ ಮರದ ಮನೆ. ಆಮೇಲೆ ಮುಂದಿನ ದಾರಿ, ಬೇಲಿ. ಕೊನೆಗೆ ನಾವು ಎಲ್ಲಿ ನಿಂತಿದ್ದೇವೆ ಅಂತ ಹೇಳುವ ನೆಲವೂ ಹೋಯಿತು. ನೀರು, ಬೆಟ್ಟ, ಆಕಾಶ ಉಳಿದವು.

ಇದರಲ್ಲಿ ಒಂದು ವಿಚಿತ್ರ ಇದೆ. ಅವನು ನಿಂತು ಬರೆದ ಜಾಗಗಳಲ್ಲಿ ಹಲವು ಪಕ್ಕಾ ಪ್ರವಾಸಿಗರ ಜಾಗಗಳೇ. ಷೀನಿಗೆ ಪ್ಲಾಟೆ ಎಂಬ ಬೆಟ್ಟದ ತಾಣಕ್ಕೆ 1893ರಲ್ಲೇ ಹಲ್ಲುಗಾಲಿಯ ರೈಲು ಬಂದಿತ್ತು, ಅವನು 1908ರಲ್ಲಿ ಅಲ್ಲಿ ಬರೆದ. ಮ್ಯೂರೆನ್ ಎಂಬ ಬೆಟ್ಟದ ಹಳ್ಳಿಗೂ ರೈಲಿತ್ತು, 1911ರಲ್ಲಿ ಅಲ್ಲಿ ಕೂತು ಯುಂಗ್‌ಫ್ರಾ ಶಿಖರವನ್ನ ಸಾಲಾಗಿ ಬರೆದ. ನೀಸನ್ ಬೆಟ್ಟಕ್ಕೆ ಹಗ್ಗದ ರೈಲು ಶುರುವಾದದ್ದು 1910ರಲ್ಲಿ, ಅವನ ಹೆಸರಾಂತ ನೀಸನ್ ಚಿತ್ರವೂ ಅದೇ ವರ್ಷದ್ದು. ಸುತ್ತ ಹೋಟೆಲು, ಹಳಿ, ದುರ್ಬೀನು ಹಿಡಿದ ಜನ. ಚಿತ್ರದಲ್ಲಿ ಒಬ್ಬ ನರಪಿಳ್ಳೆಯೂ ಇಲ್ಲ.

ಒಂದೇ ಬೆಟ್ಟ, ಒಂದೇ ಕೆರೆ ಎಷ್ಟು ಸಲ ಬರೀತಾನೆ! ಬೇಜಾರಾಗಲ್ವಾ?

ಎರಡು ಕಾರಣ. ಒಂದು, ಕೊಳ್ಳುವವರು ಕೇಳುತ್ತಿದ್ದರು. ಒಂದು ಚಿತ್ರ ಗೆದ್ದರೆ ಅಂಥದ್ದೇ ಇನ್ನೊಂದು ಬೇಕು ಅನ್ನುವುದು ಇದ್ದದ್ದೇ. ಅದನ್ನ ಮುಚ್ಚಿಡಬೇಕಾಗಿಲ್ಲ. ಇನ್ನೊಂದು, ಅವನಿಗೇ ಅದು ಬೇಕಿತ್ತು. ಷೆಬ್ರ್ ಎಂಬ ಹಳ್ಳಿಯ ಎತ್ತರದಿಂದ ಕಾಣುವ ಜಿನೀವಾ ಸರೋವರವನ್ನ 1890ರ ದಶಕದಿಂದ 1911ರ ತನಕ ಮತ್ತೆ ಮತ್ತೆ ಬರೆದ. ಸಾಲಾಗಿಟ್ಟು ನೋಡಿದರೆ ದಡದ ತಿರುವು ಒಂದರಿಂದ ಒಂದಕ್ಕೆ ಸರಳವಾಗುತ್ತಾ ಹೋಗುವುದು ಕಾಣುತ್ತೆ. ಮೊನೆ ಒಂದೇ ಹುಲ್ಲಿನ ಬಣವೆಯನ್ನ ಹಲವು ಹೊತ್ತಿನ ಬೆಳಕಿನಲ್ಲಿ ಬರೆದ. ಹೋಡ್ಲರ್‌ಗೆ ಬೆಳಕು ಬದಲಾಗುವುದಕ್ಕಿಂತ, ಬದಲಾಗದೆ ಉಳಿಯುವ ಆಕಾರ ಮುಖ್ಯ.

‘ಪ್ಯಾರಲೆಲಿಸಂ’ ಅಂತ ಏನೋ ಹೇಳ್ತಾರಲ್ಲ, ಅದೇನು?

ಹೋಡ್ಲರ್ ತಾನೇ ಕಟ್ಟಿದ ಸಿದ್ಧಾಂತ. 1897ರಲ್ಲಿ ಫ್ರಿಬೂರ್ ಊರಿನಲ್ಲಿ ಕಲಾವಿದನ ಕೆಲಸ ಏನು ಅಂತ ಒಂದು ಭಾಷಣ ಮಾಡಿದ. ಒಂದೇ ಥರದ ಆಕಾರಗಳು ಮತ್ತೆ ಮತ್ತೆ ಬಂದಾಗ ನಮಗೆ ಒಗ್ಗಟ್ಟಿನ, ಒಂದೇತನದ ಅನುಭವ ಆಗುತ್ತೆ, ಪ್ರಕೃತಿ ಕೆಲಸ ಮಾಡುವುದೇ ಹೀಗೆ ಅನ್ನುವುದು ಅವನ ವಾದ. ಅವನು ಕೊಡುವ ಉದಾಹರಣೆ ಫರ್ ಮರಗಳ ಕಾಡು: ಒಳಗೆ ಹೋದರೆ ಎಡಕ್ಕೂ ಬಲಕ್ಕೂ ಎದ್ದುನಿಂತ ಕಂಬಗಳೇ. ನಮ್ಮ ಓದುಗರು ಅಡಿಕೆ ತೋಟದ ನಡುವೆ ನಿಂತದ್ದನ್ನ ನೆನೆದರೆ ಸಾಕು. ಮರ ಯಾವುದು ಅನ್ನುವುದಕ್ಕಿಂತ ಮೊದಲು ಸಾಲು ಕಣ್ಣಿಗೆ ಬೀಳುತ್ತೆ.

ಜನರ ಚಿತ್ರಗಳಲ್ಲಿ ಇದನ್ನ ಅವನು ಜೋರಾಗಿಯೇ ಬಳಸಿದ. 1895ರ ‘ಯೂರಿದ್ಮಿ’ಯಲ್ಲಿ ಬಿಳಿ ಬಟ್ಟೆಯ ಐವರು ಮುದುಕರು ತಲೆ ತಗ್ಗಿಸಿ ಒಂದೇ ದಿಕ್ಕಿಗೆ ನಡೆಯುತ್ತಾರೆ. ಅಂಥ ಕಡೆ ಸಿದ್ಧಾಂತ ಕೊಂಚ ಎದ್ದು ಕುಣಿಯುತ್ತೆ, ನನಗೆ ಅಷ್ಟು ಹಿಡಿಸಲ್ಲ. ಬೆಟ್ಟ, ಮೋಡ, ಅಲೆಗಳಲ್ಲಿ ಅದೇ ಮಾತು ಸದ್ದಿಲ್ಲದೆ ಕೂತಿರುತ್ತೆ.

ಒಂದು ಚಿತ್ರ ಹಿಡಿದು ತೋರಿಸಿ, ಏನು ನೋಡಬೇಕು ಅಂತ.

ತೂನ್ ಸರೋವರದ ಪ್ರತಿಬಿಂಬವನ್ನ ಬರೆದ 1905ರ ಚಿತ್ರ ತಗೊಳ್ಳಿ. ಜಿನೀವಾದ ಕಲೆ ಮತ್ತು ಇತಿಹಾಸ ಮ್ಯೂಸಿಯಂನಲ್ಲಿದೆ. ಅಡ್ಡಕ್ಕೆ ಆಚೆ ದಡದ ಬೆಟ್ಟಸಾಲು. ಅದರ ಕೆಳಗೆ ನೀರಿನಲ್ಲಿ ಅದೇ ಸಾಲು ತಲೆಕೆಳಗಾಗಿ. ಎರಡೂ ಸೇರಿ ನಡುವೆ ಒಂದು ಉದ್ದನೆಯ ಆಕಾರವಾಗಿ, ಸುತ್ತ ತಿಳಿ ಬಣ್ಣದಲ್ಲಿ ತೇಲುತ್ತೆ. ಮೇಲೆ ಮೋಡ, ಕೆಳಗೂ ಅದೇ ಮೋಡ.

ಈಗ ಮೊಬೈಲಿನಲ್ಲಿ ಚಿತ್ರವನ್ನ ತಲೆಕೆಳಗು ಮಾಡಿ. ಹೆಚ್ಚೇನೂ ಬದಲಾಗಲ್ಲ ಅಲ್ವಾ? ಬೆಟ್ಟ ಎಲ್ಲಿ ಮುಗಿದು ನೀರು ಎಲ್ಲಿ ಶುರು ಅಂತ ಹುಡುಕಿದರೆ ಒಂದು ತೆಳು ಗೆರೆ ಸಿಗುತ್ತೆ, ಅಷ್ಟೇ ಆಧಾರ. ಇನ್ನು ಬೆಟ್ಟದ ಅಂಚು ನೋಡಿ. ಹೋಡ್ಲರ್ ಕಪ್ಪು ಗೆರೆ ಎಳೆಯುವ ಜಾಗದಲ್ಲಿ ಎಷ್ಟೋ ಸಲ ನೀಲಿ ಗೆರೆ ಎಳೆಯುತ್ತಾನೆ. ಅದಕ್ಕೇ ಬೆಟ್ಟ ಗಟ್ಟಿಯಾಗಿ ನಿಂತರೂ ಭಾರ ಅನ್ನಿಸಲ್ಲ.

ಇದಾದ ಮೇಲೆ 1910ರ ನೀಸನ್ ನೋಡಿ. ಬಾಸೆಲ್‌ನ ಕಲಾ ಮ್ಯೂಸಿಯಂನಲ್ಲಿದೆ. ನೀಲಿ ತ್ರಿಕೋನವೊಂದು ಚೌಕಟ್ಟಿನ ನಡುವೆ ಒಂಟಿಯಾಗಿ ನಿಂತಿದೆ. ಸುತ್ತ ಮೋಡದ ತುಣುಕುಗಳು ಅದಕ್ಕೆ ಅಂಚು ಕಟ್ಟಿದ ಹಾಗೆ ಜೋಡಿಸಿಕೊಂಡಿವೆ. ಮೋಡ ಹೀಗೆ ನಿಲ್ಲುವುದಿಲ್ಲ, ಇವನೇ ನಿಲ್ಲಿಸಿದ್ದು. ಬೆಟ್ಟದ ಆಕಾರ ಮಾತ್ರ ಇರುವುದೇ ಹಾಗೆ, ಪಕ್ಕಾ ಪಿರಮಿಡ್ಡು.

ಫೋಟೋ ಇಟ್ಟುಕೊಂಡು ಬರೀತಿದ್ನಾ, ಬಯಲಲ್ಲೇ ಕೂತಾ?

ಭೂದೃಶ್ಯಗಳನ್ನ ಬಹುಮಟ್ಟಿಗೆ ಜಾಗಕ್ಕೇ ಹೋಗಿ ಬರೆಯುತ್ತಿದ್ದ. ಕೆಲವನ್ನ ಸ್ಟುಡಿಯೋದಲ್ಲಿ ಮುಗಿಸುತ್ತಿದ್ದ, ಮರುಪ್ರತಿಗಳನ್ನೂ ಅಲ್ಲೇ ಮಾಡುತ್ತಿದ್ದ. ಮನುಷ್ಯರ ಚಿತ್ರಕ್ಕೆ ಬೇರೆ ಉಪಾಯ: ತನಗೂ ಎದುರು ಕೂತವರಿಗೂ ನಡುವೆ ಗಾಜಿನ ಹಲಗೆ ಇಟ್ಟು, ಕಂಡ ಅಂಚನ್ನ ಗಾಜಿನ ಮೇಲೇ ಗೆರೆ ಎಳೆದು, ಅಲ್ಲಿಂದ ಕಾಗದಕ್ಕೆ ಇಳಿಸುವುದು. ಐನೂರು ವರ್ಷದ ಹಿಂದಿನ ಜರ್ಮನ್ ಕಲಾವಿದ ಡ್ಯೂರರ್ ಕಾಲದಿಂದ ಬಂದ ಉಪಾಯ ಇದು. ಮೋಸ ಏನಿಲ್ಲ.

## ಬದುಕು ಮತ್ತು ಗಲಾಟೆಗಳು

ಯಾವುದೋ ಚಿತ್ರವನ್ನ ಅಶ್ಲೀಲ ಅಂತ ಪ್ರದರ್ಶನದಿಂದ ತೆಗೆಸಿದ್ರಂತೆ?

‘ರಾತ್ರಿ’. ಬರೆದದ್ದು 1889-90ರಲ್ಲಿ, ಸುಮಾರು ಮೂರು ಮೀಟರ್ ಅಗಲ. ಬಯಲಲ್ಲಿ ಗಂಡಸರು, ಹೆಂಗಸರು ಮಲಗಿದ್ದಾರೆ, ಹಲವರ ಮೈಮೇಲೆ ಬಟ್ಟೆ ಇಲ್ಲ. ನಡುವೆ ಒಬ್ಬ ಗಾಬರಿಯಿಂದ ಎಚ್ಚರಗೊಂಡಿದ್ದಾನೆ, ಅವನ ಮೇಲೆ ಕಪ್ಪು ಮುಸುಕಿನ ಆಕೃತಿ ಕೂತಿದೆ. ಆ ಮನುಷ್ಯ ಹೋಡ್ಲರೇ. ಮಲಗಿದವರಲ್ಲಿ ಅವನ ಮಗ ಹೆಕ್ಟರ್‌ನ ತಾಯಿ ಒಗುಸ್ತೀನ್ ದ್ಯುಪಾನೂ ಇದ್ದಾಳೆ, ಅವನು ಮೊದಲು ಮದುವೆಯಾದ ಬೆರ್ತಾ ಸ್ಟುಕಿಯೂ ಇದ್ದಾಳೆ.

1891ರಲ್ಲಿ ಜಿನೀವಾದ ನಗರಾಡಳಿತ ಇದನ್ನ ಪ್ರದರ್ಶನದಿಂದ ಹೊರಗಿಟ್ಟಿತು. ಹೋಡ್ಲರ್ ಸುಮ್ನೆ ಕೂರಲಿಲ್ಲ. ಬೇರೆ ಕಟ್ಟಡ ಹಿಡಿದು, ಒಂದು ಫ್ರಾಂಕ್ ಟಿಕೆಟ್ ಇಟ್ಟು ತಾನೇ ತೋರಿಸಿದ. ಜನ ನುಗ್ಗಿದರು. ಬಂದ ದುಡ್ಡಲ್ಲಿ ಚಿತ್ರವನ್ನ ಪ್ಯಾರಿಸ್ಸಿಗೆ ಕಳಿಸಿದ, ಅಲ್ಲಿ ಪ್ಯುವಿ ದ ಷಾವಾನ್‌ನಂಥ ಹಿರಿಯ ಕಲಾವಿದರು ಮೆಚ್ಚಿದರು. ಈಗ ಅದು ಬರ್ನ್‌ನ ಕಲಾ ಮ್ಯೂಸಿಯಂನ ಆಸ್ತಿ.

ನೋಟಿನ ಮೇಲೆ ಅವನ ಚಿತ್ರ ಇತ್ತಾ?

ಇತ್ತು. 1911ರಲ್ಲಿ ಹೊರಬಂದ 50 ಫ್ರಾಂಕ್ ನೋಟಿನ ಹಿಂಬದಿಗೆ ಮರ ಕಡಿಯುವವನು, 100ರ ಹಿಂಬದಿಗೆ ಹುಲ್ಲು ಕೊಯ್ಯುವವನು. ನೋಟಿಗೆ ಅಚ್ಚು ಕೊರೆದ ರೀತಿ ಅವನಿಗೆ ಇಷ್ಟವಾಗಲಿಲ್ಲ. ಮರ ಕಡಿಯುವವನನ್ನ ಆಮೇಲೆ ದೊಡ್ಡ ಕ್ಯಾನ್ವಾಸಿನಲ್ಲಿ ಬರೆದ. ಕೊಡಲಿ ಎತ್ತಿ ಹಿಂದಕ್ಕೆ ಬಾಗಿದ ಆ ಮೈ, ಓರೆಯಾದ ಒಂದೇ ಗೆರೆ.

ಜರ್ಮನಿಯವರು ಅವನ ಮೇಲೆ ಯಾಕೆ ಸಿಟ್ಟಾದ್ರು?

1904ರಲ್ಲಿ ವಿಯೆನ್ನಾದ ‘ಸೆಸೆಶನ್’ ಎಂಬ ಹೊಸ ಕಲಾವಿದರ ಸಂಘದ ಪ್ರದರ್ಶನ ಅವನ ಕೈ ಹಿಡಿಯಿತು. ಐವತ್ತು ದಾಟಿದ ಮೇಲೆ ದುಡ್ಡು, ಹೆಸರು ಎರಡೂ ಬಂದವು, ಜಾಸ್ತಿ ಬಂದದ್ದು ಜರ್ಮನ್ ಮಾತಾಡುವ ನಾಡುಗಳಿಂದಲೇ. ಜರ್ಮನಿಯ ಯೆನಾ ವಿಶ್ವವಿದ್ಯಾಲಯಕ್ಕೆ 1813ರಲ್ಲಿ ಯುದ್ಧಕ್ಕೆ ಹೊರಟ ವಿದ್ಯಾರ್ಥಿಗಳ ದೊಡ್ಡ ಚಿತ್ರ ಬರೆದುಕೊಟ್ಟ. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನ್ ಸೇನೆ ಫ್ರಾನ್ಸಿನ ರೀಮ್ಸ್ ಚರ್ಚಿನ ಮೇಲೆ ಗುಂಡು ಹಾರಿಸಿತು. ಅದನ್ನ ಖಂಡಿಸಿದ ಹೇಳಿಕೆಗೆ ಹೋಡ್ಲರ್ ಸಹಿ ಹಾಕಿದ. ಜರ್ಮನಿಯ ಕಲಾ ಸಂಘಗಳು ಅವನನ್ನ ಹೊರಹಾಕಿದವು. ಯೆನಾದಲ್ಲಿ ಚಿತ್ರಕ್ಕೆ ಹಲಗೆ ಹೊಡೆದು ಮುಚ್ಚಿದರು. ತೆಗೆದದ್ದು 1919ರಲ್ಲಿ. ಅಷ್ಟು ಹೊತ್ತಿಗೆ ಅವನು ಇರಲಿಲ್ಲ.

ಸಾಯ್ತಿರೋ ಪ್ರೇಯಸಿಯನ್ನ ಕೂತು ಬರೆದ ಅಂತ ಕೇಳಿದೆ. ಅದು ಕ್ರೌರ್ಯ ಅಲ್ವಾ?

ವಾಲೆಂಟೀನ್ ಗೊದೆ-ದಾರೆಲ್. ಫ್ರಾನ್ಸಿನವಳು. 1908ರ ಹೊತ್ತಿಗೆ ಪರಿಚಯ. ಆಗ ಅವನಿಗೆ ಬರ್ತ್ ಜಾಕ್ ಜೊತೆ ಎರಡನೇ ಮದುವೆಯಾಗಿ ಹತ್ತು ವರ್ಷ. 1913ರಲ್ಲಿ ವಾಲೆಂಟೀನ್‌ಗೆ ಪೋಲೆಟ್ ಎಂಬ ಮಗಳು ಹುಟ್ಟಿದಳು. ಅದೇ ಹೊತ್ತಿಗೆ ಕ್ಯಾನ್ಸರ್. 1915ರ ಜನವರಿ 25ರಂದು ವೆವೆ ಊರಿನಲ್ಲಿ ತೀರಿಕೊಂಡಳು. ಕಾಯಿಲೆಯ ಅಷ್ಟೂ ದಿನ ಹೋಡ್ಲರ್ ಅವಳನ್ನ ಬರೆಯುತ್ತಲೇ ಇದ್ದ. ರೇಖಾಚಿತ್ರ, ವರ್ಣಚಿತ್ರ ಸೇರಿ ಇನ್ನೂರರ ಸಮೀಪ.

ಅವುಗಳನ್ನ ತಾರೀಕಿನ ಪ್ರಕಾರ ನೋಡಿದರೆ ಎದ್ದು ಕೂತ ಮುಖ ದಿಂಬಿಗೆ ಒರಗುತ್ತೆ, ಮೂಗು ಚೂಪಾಗುತ್ತೆ, ಬಾಯಿ ತೆರೆಯುತ್ತೆ, ಕೊನೆಗೆ ಮೈ ಹಾಸಿಗೆಯ ಮೇಲೆ ಒಂದು ಅಡ್ಡಗೆರೆ. ಆ ದಿನಗಳಲ್ಲೇ ಅವಳ ಕೋಣೆಯ ಕಡೆಯಿಂದ ಕಾಣುವ ಸರೋವರದ ಸೂರ್ಯಾಸ್ತವನ್ನೂ ಬರೆದ. ಅಲ್ಲೂ ಅಡ್ಡಗೆರೆಗಳೇ.

ಕ್ರೌರ್ಯ ಅಂತ ನನಗೆ ಅನ್ನಿಸಿಲ್ಲ. ಎದ್ದು ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಅವಳಿಗೆ ಏನನ್ನಿಸಿತೋ ಅದನ್ನ ಯಾರೂ ಬರೆದಿಡಲಿಲ್ಲ ಅನ್ನುವುದು ಮಾತ್ರ ಚುಚ್ಚುತ್ತೆ. ಇನ್ನೊಂದು ಹೆಸರನ್ನ ಜನ ಮರೆತುಬಿಡುತ್ತಾರೆ: ಪೋಲೆಟ್‌ಳನ್ನ ಆಮೇಲೆ ಮನೆಗೆ ಸೇರಿಸಿಕೊಂಡು ಬೆಳೆಸಿದವಳು ಹೆಂಡತಿ ಬರ್ತ್.

## ಇನ್ನೂ ಒಳಕ್ಕೆ

ಇವನು ಇಂಪ್ರೆಷನಿಸ್ಟಾ, ಸಿಂಬಲಿಸ್ಟಾ, ಏನಂತ ಕರೀಬೇಕು?

ಚೀಟಿ ಅಂಟಿಸಲೇಬೇಕು ಅಂದ್ರೆ ಸಿಂಬಲಿಸ್ಟ್, ಅಂದ್ರೆ ಕಂಡದ್ದಕ್ಕಿಂತ ಅದರ ಹಿಂದಿನ ಭಾವ, ಅರ್ಥಕ್ಕೆ ಒತ್ತು ಕೊಡುವವನು. 1892ರಲ್ಲಿ ಪ್ಯಾರಿಸ್ಸಿನಲ್ಲಿ ಸಿಂಬಲಿಸ್ಟರ ‘ರೋಸ್-ಕ್ರ್ವಾ’ ಪ್ರದರ್ಶನದಲ್ಲಿ ಅವನ ಚಿತ್ರ ಇತ್ತು. ಭೂದೃಶ್ಯಗಳಿಗೆ ಆ ಚೀಟಿ ಸಡಿಲ.

‘ಸ್ವಿಸ್ ರಾಷ್ಟ್ರೀಯ ಕಲಾವಿದ’ ಅನ್ನೋ ಬಿರುದು ಒಪ್ಪಬಹುದಾ?

ಅರ್ಧ. ನೋಟು ಬರೆದವನು, ಸ್ವಿಸ್ ದಂತಕಥೆಯ ವೀರ ವಿಲಿಯಂ ಟೆಲ್‌ನನ್ನ ಬರೆದವನು. ಬಲಪಂಥದ ಹೆಸರಾಂತ ರಾಜಕಾರಣಿ ಕ್ರಿಸ್ಟೋಫ್ ಬ್ಲೋಖರ್ ಅವನ ಚಿತ್ರಗಳ ದೊಡ್ಡ ಸಂಗ್ರಾಹಕ, ಅದರಿಂದಲೂ ಆ ಬಣ್ಣ ಗಟ್ಟಿಯಾಗಿದೆ.

ಆದರೆ ಜೂರಿಕ್‌ನ ರಾಷ್ಟ್ರೀಯ ಮ್ಯೂಸಿಯಂ ಗೋಡೆಗೆ ಅವನು ಬರೆದದ್ದು ಏನು? 1515ರ ಮಾರಿನ್ಯಾನೋ ಕದನದಲ್ಲಿ ಸೋತು, ಗಾಯಗೊಂಡವರನ್ನ ಹೊತ್ತು ಹಿಂದಿರುಗುವ ಸ್ವಿಸ್ ಸೈನಿಕರು. ಗೆಲುವಿನ ಚಿತ್ರ ಬಯಸಿದವರಿಗೆ ಅದು ನುಂಗಲಾರದ ತುತ್ತು. ಮ್ಯೂಸಿಯಂನ ನಿರ್ದೇಶಕ ಹೈನ್ರಿಖ್ ಆಂಗ್ಸ್ಟ್ ಕಟುವಾಗಿ ವಿರೋಧಿಸಿದ, ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ಆಯಿತು. ಭೂದೃಶ್ಯಗಳಲ್ಲಂತೂ ದೇಶದ ಗುರುತೇ ಇಲ್ಲ. ಬಾವುಟ ಇಲ್ಲ, ಗಂಟೆ ಕಟ್ಟಿದ ಹಸು ಇಲ್ಲ. ಹೆಸರಿನ ಚೀಟಿ ತೆಗೆದರೆ ಅದು ಯಾವ ದೇಶದ ನೀರು ಅಂತ ಹೇಳಲು ಬೆಟ್ಟ ಬಲ್ಲವರೇ ಬೇಕು.

ಕೊನೆಯ ಚಿತ್ರಗಳು ಅಮೂರ್ತ ಕಲೆಗೆ ಬಾಗಿಲು ತೆರೆದವು ಅಂತಾರೆ. ಹೌದಾ?

1917ರ ಕೊನೆಗೆ ಅವನ ಶ್ವಾಸಕೋಶ ಕೈಕೊಟ್ಟಿತ್ತು. ಮನೆಯಿಂದ ಹೊರಗೆ ಹೋಗುವುದು ಕಷ್ಟ. ಮನೆ ಇದ್ದದ್ದು ಜಿನೀವಾದ ಮೋಂಬ್ಲಾ ದಂಡೆಯಲ್ಲಿ, ಪೀಠೋಪಕರಣ ವಿಯೆನ್ನಾದ ಯೋಸೆಫ್ ಹಾಫ್‌ಮನ್ ವಿನ್ಯಾಸದ್ದು. ಕಿಟಕಿಯಿಂದ ಸರೋವರ, ದೂರದಲ್ಲಿ ಮೋಂಬ್ಲಾ ಪರ್ವತ. 1918ರ ಆ ತಿಂಗಳುಗಳಲ್ಲಿ ಅದನ್ನೇ, ಹೆಚ್ಚಾಗಿ ಬೆಳಗಿನ ಹೊತ್ತಿನದ್ದನ್ನ, ಬರೆದ. ಹಳದಿ, ಕೆಂಪು, ನೀಲಿಯ ಅಡ್ಡಪಟ್ಟಿಗಳು. ಪರ್ವತ ಒಂದು ಅಲೆಯಷ್ಟು ತಗ್ಗಿಬಿಟ್ಟಿದೆ. ಕೆಲವದರಲ್ಲಿ ಕೆಳಗಡೆ ಹಂಸಗಳು ಸಾಲಾಗಿವೆ.

ಇಂಥ ಚಿತ್ರಗಳನ್ನ ಇಡೀ ಭೂಗ್ರಹದ ದೃಶ್ಯಗಳು ಅಂತ ಅವನು ಯೋಚಿಸುತ್ತಿದ್ದ. ಮುಂದೆ ಬಂದ ಅಮೂರ್ತ ಕಲಾವಿದರ ಬಣ್ಣದ ಪಟ್ಟಿಗಳು ನೆನಪಾಗುವುದು ಸಹಜ. ಆದರೂ ಬಾಗಿಲು ತೆರೆದ ಅನ್ನುವುದು ನಾವು ಹಿಂದಿನಿಂದ ಹೊಲಿದ ಕಥೆ. ಅವನು ಕೊನೆಯ ತನಕ ಕಂಡದ್ದನ್ನ ಅಳೆದೇ ಬರೆದ. ಜಿನೀವಾದ ಆ ದಂಡೆಗೆ ಶುಭ್ರವಾದ ಬೆಳಗ್ಗೆ ಹೋದವರಿಗೆ ಪಟ್ಟಿಗಳು ಇರುವ ಜಾಗದಲ್ಲೇ ಕಾಣುತ್ತವೆ.

## ಹೋಗಿ ನೋಡುವವರಿಗೆ

ಟೂರ್‌ನಲ್ಲಿ ಯುಂಗ್‌ಫ್ರಾಯೋಖ್‌ಗೆ ಕರ್ಕೊಂಡು ಹೋಗ್ತಾರೆ. ಹೋಡ್ಲರ್ ನೋಡೋಕೆ ಏನಾದ್ರೂ ಸಿಗುತ್ತಾ?

ಬೆಂಗಳೂರಿಂದ ಹೋಗುವ ಪ್ಯಾಕೇಜ್ ಟೂರುಗಳಲ್ಲಿ ಇಂಟರ್‌ಲಾಕನ್, ಯುಂಗ್‌ಫ್ರಾಯೋಖ್ ಇದ್ದೇ ಇರುತ್ತೆ. ಅಂದ್ರೆ ನೀವು ಹೋಡ್ಲರ್ ಚಿತ್ರದ ಒಳಗೇ ಹೋಗುತ್ತಿದ್ದೀರಿ. ಬರ್ನ್‌ನಿಂದ ಇಂಟರ್‌ಲಾಕನ್ ರೈಲು ಹಿಡಿದರೆ ಎಡಗಡೆ ಕೂರಿ, ತೂನ್ ಸರೋವರ ಉದ್ದಕ್ಕೂ ಜೊತೆಗೆ ಬರುತ್ತೆ. ಸ್ಪೀಟ್ಸ್ ಹತ್ತಿರ ಬಲಗಡೆ ನೀಸನ್. ಒಂದು ದಿನ ಕೈಯಲ್ಲಿದ್ದರೆ 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್‌ಗಿಂತ ಷೀನಿಗೆ ಪ್ಲಾಟೆ ನನ್ನ ಆಯ್ಕೆ. ಬೆಟ್ಟದ ಮೇಲೆ ನಿಂತರೆ ಬೆಟ್ಟ ಕಾಣಲ್ಲ. ಷೀನಿಗೆ ಪ್ಲಾಟೆಯಿಂದ ಐಗರ್, ಮೋಂಖ್, ಯುಂಗ್‌ಫ್ರಾ ಮೂರೂ ಶಿಖರ ಎದುರಿಗೇ. ಆ ರೈಲು ಬೇಸಿಗೆಯ ಕಾಲದಲ್ಲಿ ಮಾತ್ರ ಓಡುತ್ತೆ.

ಅಸಲಿ ಚಿತ್ರಗಳಿಗೆ ಬರ್ನ್, ಜಿನೀವಾ, ಜೂರಿಕ್, ಬಾಸೆಲ್, ಸೊಲೊಥೂರ್ನ್‌ನ ಕಲಾ ಮ್ಯೂಸಿಯಂಗಳು. ವೆವೆಯ ಜೆನಿಷ್ ಮ್ಯೂಸಿಯಂನಲ್ಲಿ ಮಂಜಿನ ಮೇಲೆ ತಲೆ ಎತ್ತಿದ ಆ ಮೂರು ಶಿಖರಗಳ 1908ರ ಚಿತ್ರವಿದೆ. ಸಮಯ ಕಮ್ಮಿ ಇದ್ದರೆ ಜೂರಿಕ್ ಸಾಕು: ಮಾರಿನ್ಯಾನೋ ಗೋಡೆಚಿತ್ರವಿರುವ ಮ್ಯೂಸಿಯಂ ಮುಖ್ಯ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ.

ಮನೆ ಗೋಡೆಗೆ ಒಂದು ಪ್ರಿಂಟ್ ಹಾಕಬೇಕು. ಹಕ್ಕಿನ ತೊಂದರೆ ಇದೆಯಾ?

ಕಲಾವಿದ ತೀರಿ ನೂರು ವರ್ಷ ದಾಟಿದೆ, ಕಾಪಿರೈಟ್ ಮುಗಿದಿದೆ. ಮ್ಯೂಸಿಯಂಗಳೇ ಹಾಕಿರುವ ದೊಡ್ಡ ಗಾತ್ರದ ಚಿತ್ರ ಹುಡುಕಿ, ಒಳ್ಳೆಯ ಮ್ಯಾಟ್ ಕಾಗದದಲ್ಲಿ ಮುದ್ರಿಸಿ. ಹೊಳಪಿನ ಕಾಗದ ಬೇಡ, ಅವನ ನೀಲಿ ಅದರಲ್ಲಿ ಕೆಡುತ್ತೆ. ಪಕ್ಕಗಳನ್ನ ಕತ್ತರಿಸಿ ನಿಮ್ಮ ಚೌಕಟ್ಟಿಗೆ ಹೊಂದಿಸಲು ಹೋಗಬೇಡಿ. ನೀಸನ್ ಸುತ್ತಲಿನ ಮೋಡ ಒಂದು ಬೆರಳಷ್ಟು ಕಡಿಮೆಯಾದರೂ ಬೆಟ್ಟ ಪಕ್ಕಕ್ಕೆ ಜಾರಿದ ಹಾಗೆ ಕಾಣುತ್ತೆ.